ಮುಟ್ಟು ನಿಂತ ಮೇಲಿನ ಮೂರು ದಿನ

ಗುಂಡ್ಲುಪೇಟೆಯ ನನ್ನ ಗಂಡನ ಮನೆಯಲ್ಲಿ ಹೆಂಗಸರಿಗೆ ರಜೆ ಅಂತ ಇದ್ದದ್ದು ತಿಂಗಳಿಗೆ ಮೂರೇ ದಿನ. ಹೊರಗಾದವರು ಹಿತ್ತಿಲಲ್ಲಿ ಕೊಟ್ಟಿಗೆಗೆ ಹೊಂದಿಕೊಂಡಿದ್ದ, ಚಾಪೆಯಷ್ಟಗಲದ ಜಗಲಿಯ ಮೇಲೆ ಕೂರಬೇಕು. ಒಲೆ ಮುಟ್ಟುವಂತಿಲ್ಲ, ನೀರಿನ ಗಡಿಗೆ ಮುಟ್ಟುವಂತಿಲ್ಲ, ಮನುಷ್ಯರನ್ನು ಮುಟ್ಟುವಂತಿಲ್ಲ. ಊಟದ ತಟ್ಟೆಯನ್ನು ದೂರದಲ್ಲಿ ಇಟ್ಟು ಬರಬೇಕು. ಅಪ್ಪಿತಪ್ಪಿ ಮೈ ತಾಗಿದರೆ ತಾಗಿದವರಿಗೆ ತಲೆಸ್ನಾನ. ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಆ ಜಗಲಿಯ ಮೇಲೆ ಕೂತವರನ್ನು ಕೇಳಿದ್ದರೆ ಬೇರೆ ಮಾತೂ ಬರುತ್ತಿತ್ತು.

ಇದು ಐವತ್ತರ ದಶಕದ ನಡುವಿನ ಮಾತು. ನಾನು ಚಾಮರಾಜನಗರದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು. ಮಾವನದು ಈರುಳ್ಳಿ ವ್ಯಾಪಾರ. ಸರಕು ಹೇರಲು ಬಂದ ಲಾರಿಯವರೆಲ್ಲ ನಮ್ಮ ಮನೆಯಲ್ಲೇ ಊಟಕ್ಕೆ ಕೂರುತ್ತಿದ್ದರು. ಬೇಗೂರಿನ ಕಡೆಯವರಿಗೆ ಮುದ್ದೆ, ಘಟ್ಟ ಇಳಿದು ಮಲೆಯಾಳದ ಸೀಮೆಗೆ ಹೋಗುವವರಿಗೆ ಅನ್ನ. ತಿಂಗಳಿಗೊಮ್ಮೆ ಕೂಡುವ ದೊಡ್ಡ ಸಂತೆಯ ದಿನವಂತೂ ಹನ್ನೆರಡು ಹದಿಮೂರು ಎಲೆ ಬೀಳುತ್ತಿದ್ದವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೆಸರು ನಮ್ಮ ಕೈಗೆ, ಮೊಸರು ಲಾರಿಯವರ ಬಾಯಿಗೆ.

ಒಲೆಯ ಮುಂದೆ ಇದ್ದವರು ಇಬ್ಬರೇ, ಅತ್ತೆ ಮತ್ತು ನಾನು. ಮಾವನ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ದೇವರ ಅಡುಗೆಯನ್ನು ಮಾತ್ರ ಮಾಡುತ್ತಿದ್ದರು. ಪ್ರತಿ ಸೋಮವಾರ, ಹುಣ್ಣಿಮೆ, ಹಬ್ಬ ಹರಿದಿನ, ಬೆಳಗ್ಗೆ ಒದ್ದೆ ಸೀರೆಯುಟ್ಟು ಬೇರೆ ಒಲೆಯಲ್ಲಿ ಎಡೆಗೆ ಬೇಯಿಸಬೇಕು. ಮುಟ್ಟು ನಿಂತ ಹೆಂಗಸೇ ಅದನ್ನು ಮಾಡಬೇಕೆಂಬುದು ಆ ಮನೆಯ ಕಟ್ಟಳೆ. ಅಜ್ಜಿಗೆ ಸೊಂಟ ಬಿದ್ದುಹೋಗಿತ್ತು. "ನಿಂದು ಯಾವಾಗ ನಿಂತದೋ, ಯಾವಾಗ ನಾನು ಈ ಸೌಟು ಇಳಿಸೋದೋ" ಅಂತ ಅತ್ತೆಯನ್ನು ನೋಡಿ ಆಗಾಗ ನಿಟ್ಟುಸಿರು ಬಿಡುತ್ತಿದ್ದರು. ಅತ್ತೆ ತಲೆ ತಗ್ಗಿಸಿ ಸೊಪ್ಪು ಸೋಸುತ್ತಿದ್ದರು.

ಅತ್ತೆ ಹೊರಗಾದ ಮೂರು ದಿನ ಇಡೀ ಮನೆ ನನ್ನ ತಲೆಯ ಮೇಲೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಅದರ ಮೇಲೆ ಅವರ ಮೂರು ದಿನ ಯಾವಾಗಲೂ ಸಂತೆಗೇ ಬಂದು ಬೀಳುತ್ತಿತ್ತು. ಸಂತೆಯ ಹಿಂದಿನ ಬೆಳಗ್ಗೆ ಅಡುಗೆಮನೆಯ ಹೊಸಿಲಾಚೆ ನಿಂತು "ಒರಗಾದೆ ಕಣಮ್ಮಿ" ಅನ್ನುತ್ತಿದ್ದರು. ನನ್ನ ಹಣೆಬರಹ ಅಂದುಕೊಂಡು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದೆ. ಅವರು ಜಗಲಿಯಲ್ಲಿ ಕಾಲು ಚಾಚಿ, ಕೊಟ್ಟಿಗೆಯ ಎಮ್ಮೆಯ ಜೊತೆ ಮಾತಾಡುತ್ತಾ ಕೂರುತ್ತಿದ್ದರು.

ಒಂದು ಸಲ ಹಿತ್ತಿಲ ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ಇದನ್ನು ನೋಡಿ ನನಗೆ ಹೇಳಿದರು: "ನಿಮ್ಮತ್ತೆ ಪುಣ್ಯವಂತೆ ಬುಡವ್ವ. ನಾವು ಲಿಂಗ ಕಟ್ದೋರು, ನಮ್ಗೆ ಒಳಗೂ ಇಲ್ಲ ಒರಗೂ ಇಲ್ಲ. ಒಟ್ಟೆ ನೋವು ಅಂತ ಸಾಯ್ತಿದ್ರೂ ಸೌಟು ಕೈಲೇ ಇರ್ಬೇಕು." ಅವರ ಮನೆಯ ರೀತಿ ನಮಗಿಂತ ಎಷ್ಟೋ ಮೇಲು ಅಂತ ನಾನು ಅಂದುಕೊಂಡಿದ್ದೆ. ಆಕೆ ನಮ್ಮ ಜಗಲಿಯನ್ನು ನೋಡಿ ಆಸೆಪಡುತ್ತಿದ್ದರು.

ಆ ಬೇಸಿಗೆಯಲ್ಲಿ ಅತ್ತೆಗೆ ಏನೋ ಶುರುವಾಯಿತು. ಮುದ್ದೆ ತೊಳಸುತ್ತಿರುವಾಗ ಇದ್ದಕ್ಕಿದ್ದಂತೆ ಮುಖ ಕೆಂಪಾಗುತ್ತಿತ್ತು. ಕುತ್ತಿಗೆಯಿಂದ ಬೆವರು ಇಳಿದು ರವಿಕೆ ತೊಯ್ದು ಹೋಗುತ್ತಿತ್ತು. ಕೋಲನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ನೀರಿನ ಮಣ್ಣುಗಡಿಗೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆವರು ಆರಿ ಮೈ ನಡುಗುತ್ತಿತ್ತು. "ಒಳಗಿಂದ ಯಾರೋ ಒಲೆ ಹಚ್ದಂಗೆ ಆಯ್ತದೆ" ಅನ್ನುತ್ತಿದ್ದರು. ಮೊದಲೆಲ್ಲ ಬೈಗುಳವನ್ನು ನುಂಗಿಕೊಳ್ಳುತ್ತಿದ್ದವರು ಈಗ ಉಪ್ಪು ಹೆಚ್ಚಾಯಿತು ಅಂದರೂ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಕಾಡಿನಂಚಿನ ನಮ್ಮ ಸೀಮೆಯಲ್ಲಿ ಮೈ ಬಿಸಿಯಾಗಿ, ಬೆವತು, ನಡುಗಿದರೆ ಅದಕ್ಕೆ ಇದ್ದದ್ದು ಒಂದೇ ಹೆಸರು, ಚಳಿಜ್ವರ. ಮಲೇರಿಯಾದವರು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದ ಕಾಲ ಅದು. ಮಾವ ಕೊಯಿನಾ, ಅಂದರೆ ಕ್ವಿನೈನ್ ಮಾತ್ರೆ ತಂದುಕೊಟ್ಟರು. ಅತ್ತೆ ಚಾಚೂ ತಪ್ಪದೆ ನುಂಗಿದರು. ಕಿವಿ ಗುಂಯ್‌ಗುಟ್ಟಿತು, ನಾಲಗೆ ಕಹಿಯಾಯಿತು, ಅನ್ನ ಸೇರದಾಯಿತು. ಉರಿ ಮಾತ್ರ ಹೋಗಲಿಲ್ಲ. ಎರಡು ತಿಂಗಳಲ್ಲಿ ಕೈಬಳೆ ಮೊಣಕೈಗೆ ಜಾರುವಷ್ಟು ಇಳಿದುಹೋದರು. ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಆ ಬಳೆ ನೋಡಿ ಹೆದರಿಕೆಯಾಯಿತು.

ನನ್ನ ತವರೂರಿನ ಆಸ್ಪತ್ರೆಗೆ ಒಬ್ಬ ಲೇಡಿ ಡಾಕ್ಟರು ಬಂದಿದ್ದಾರೆಂದು ನನ್ನ ತಾಯಿ ಹೇಳಿಕಳಿಸಿದ್ದರು. ಮಾವನನ್ನು ಒಪ್ಪಿಸಿ, ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಅತ್ತೆಯನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೊರಟೆ. ಅತ್ತೆ ದಾರಿಯುದ್ದಕ್ಕೂ ಕಿಟಕಿಗೆ ಮುಖವಿಟ್ಟು ಗಾಳಿ ಕುಡಿದರು.

ಡಾಕ್ಟರು ನನ್ನ ತಾಯಿಗಿಂತ ಚಿಕ್ಕವರು, ಮಾತು ಮಾತ್ರ ಖಡಕ್ಕು. ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಕೇಳಿದರು: "ಮುಟ್ಟು ಸರಿಯಾಗಿ ಆಗ್ತಾ ಇದೆಯೇನಮ್ಮ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. "ಆಯ್ತದೆ ತಾಯಿ. ತಿಂಗ್ಳು ತಿಂಗ್ಳಿಗೂ ಆಯ್ತದೆ."

"ಕೊನೇ ಸಲ ಆಗಿದ್ದು ಯಾವಾಗ?"

"ಓದ ತಿಂಗ್ಳ ಸಂತೆಗೆ."

"ಅದರ ಹಿಂದಿನದು?"

"ಅದರ ಇಂದಿನ ತಿಂಗ್ಳ ಸಂತೆಗೆ."

ಡಾಕ್ಟರು ನಕ್ಕುಬಿಟ್ಟರು. "ಏನಮ್ಮಾ, ನಿನ್ನ ಮುಟ್ಟೂ ಈರುಳ್ಳಿ ಜೊತೆ ಸಂತೆಗೇ ಬರುತ್ತಾ?" ಅಂದವರೇ ಚೀಟಿಯಲ್ಲಿ ಮತ್ತೆ ಅದೇ ಕೊಯಿನಾ ಬರೆದು, ರಕ್ತ ಪರೀಕ್ಷೆಗೆ ಇನ್ನೊಂದು ದಿನ ಬರಲು ಹೇಳಿ ಕಳಿಸಿದರು.

ಅವರು ತಮಾಷೆಗೆ ಅಂದದ್ದು ನನಗೆ ಚುರುಕ್ಕೆಂದಿತು. ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಬರುವಷ್ಟರಲ್ಲಿ ಎಲ್ಲವೂ ಕೂಡಿಕೊಂಡಿತ್ತು. ಯಾವ ಹೆಂಗಸಿಗೂ ಮುಟ್ಟು ಸಂತೆ ನೋಡಿಕೊಂಡು ಬರುವುದಿಲ್ಲ. ಕೊಟ್ಟಿಗೆಯ ಹಿಂದೆ ಮುಟ್ಟಿನ ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಬಟ್ಟೆ ಬಿಟ್ಟು ಇನ್ನೊಬ್ಬರದನ್ನು ಕಂಡು ಎಷ್ಟು ಕಾಲವಾಗಿತ್ತು!

"ಅತ್ತೆ, ನಿಮ್ಮದು ನಿಂತು ಎಷ್ಟು ದಿನ ಆಯ್ತು?" ಅಂದೆ.

ಅವರು ಮರದ ಕಟ್ಟೆಯ ಮೇಲೆ ಕೂತರು. "ಒಂದೂವರೆ ವರ್ಸ ಆಯ್ತು ಕಣಮ್ಮಿ."

ಒಂದೂವರೆ ವರ್ಷ! ಅಷ್ಟು ತಿಂಗಳೂ, ಅಷ್ಟು ಸಂತೆಯಲ್ಲೂ, ನಾನು ಬೆನ್ನು ಮುರಿಯುವಂತೆ ಬೇಯಿಸಿ ಹಾಕಿದ್ದು ಒಂದು ಸುಳ್ಳಿಗೆ. ನನ್ನ ಮೈಯೆಲ್ಲ ಬೆಂಕಿಯಾಯಿತು. ಬಾಯಿಗೆ ಬಂದಂತೆ ಅಂದೆ. ಮುದುಕಿಯಾಗುವ ಕಾಲಕ್ಕೆ ಕಳ್ಳಾಟವೇ, ನನ್ನನ್ನೇನು ಗಾಣದೆತ್ತು ಅಂದುಕೊಂಡಿರಾ ಅಂತೆಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನೆಲ ನೋಡುತ್ತಾ ಅಂದರು: "ಅದಿನಾಲ್ಕು ವರ್ಸಕ್ಕೆ ಆ ಮನೆಗೆ ಬಂದೆ. ಅವತ್ತಿಂದ ಯಾರಾದ್ರೂ ಕೂಗ್ತಾನೇ ಅವ್ರೆ. ಆ ಜಗ್ಲಿ ಮ್ಯಾಲೆ ಕೂತಾಗ ಒಬ್ರೂ ಕೂಗಾಕಿಲ್ಲ. ನಿಂತೋಯ್ತು ಅಂತ ಯೋಳ್ಬುಟ್ರೆ ಆ ಮೂರು ದಿನಾನೂ ಓಯ್ತದೆ, ಮೇಲೆ ದೇವರ ಒಲೆನೂ ನಂಗೇ ಬತ್ತದೆ. ಅಷ್ಟು ಮಾಡಕೆ ಈ ಮೈಯಲ್ಲಿ ಏನೂ ಉಳ್ದಿಲ್ಲ ಕಣಮ್ಮಿ."

"ಅದಕ್ಕೆ ಡಾಕ್ಟರಿಗೂ ಸುಳ್ಳು ಹೇಳೋದಾ? ಬೇಡದ ಕೊಯಿನಾ ನುಂಗಿ ಸಾಯೋದಾ?"

"ನೀನು ಪಕ್ಕದಲ್ಲೇ ಇದ್ಯಲ್ಲ. ಎಂಗೆ ಯೋಳ್ಲಿ?"

ನನ್ನಿಂದ ಬಚ್ಚಿಡಲು ಆ ಹೆಂಗಸು ವಿಷ ನುಂಗಿದಂತೆ ಮಾತ್ರೆ ನುಂಗುತ್ತಿದ್ದರು. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ರಟ್ಟೆ ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಸಾಲಿದ್ದರೂ ನುಗ್ಗಿ, "ಇವರಿಗೆ ನಿಂತು ಒಂದೂವರೆ ವರ್ಷ ಆಗಿದೆ ಡಾಕ್ಟ್ರೇ" ಅಂದೆ.

ಡಾಕ್ಟರು ಚೀಟಿ ಕಿತ್ತುಕೊಂಡು ಹರಿದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ಇದು ಚಳಿಜ್ವರ ಅಲ್ಲ, ಕಾಯಿಲೆಯೂ ಅಲ್ಲ. ಮುಟ್ಟು ನಿಲ್ಲೋ ಕಾಲದಲ್ಲಿ ಬರೋ ಉರಿ. ಕೆಲವರಿಗೆ ಒಂದು ವರ್ಷ, ಕೆಲವರಿಗೆ ನಾಲ್ಕೈದು" ಅಂದರು. ಮಾತ್ರೆ ಬಿಡಿ, ಮಜ್ಜಿಗೆ ಕುಡಿಯಿರಿ, ತೆಳು ಬಟ್ಟೆ ಉಡಿ, ಒಲೆಯ ಮುಂದೆ ತುಂಬಾ ಹೊತ್ತು ಕೂರಬೇಡಿ, ವಿಶ್ರಾಂತಿ ಬೇಕೇ ಬೇಕು ಅಂದರು. "ಇದಕ್ಕೂ ಈಗ ದೊಡ್ಡ ಊರುಗಳಲ್ಲಿ ಮದ್ದು ಬಂದಿದೆ. ಮೈ ಮಾಡೋದು ನಿಲ್ಲಿಸಿದ ರಸವನ್ನೇ ಸೂಜಿಯಲ್ಲೋ ಮಾತ್ರೆಯಲ್ಲೋ ಕೊಡ್ತಾರೆ. ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ."

ಅತ್ತೆ ತಲೆಯೆತ್ತಿದರು. "ಅದ ತಕ್ಕಂಡ್ರೆ ಮುಟ್ಟು ಮತ್ತೆ ಆಯ್ತದಾ ತಾಯಿ?"

"ಕೆಲವರಿಗೆ ಆಗೋದೂ ಉಂಟು."

"ಅಂಗಾರೆ ಒಸಿ ಬರ್ಕೊಡಿ!"

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಮುಟ್ಟು ನಿಂತರೆ ಸಾಕಪ್ಪಾ ಅನ್ನುವವರನ್ನು ಕಂಡಿದ್ದರು, ವಾಪಸು ಕೊಡಿ ಅಂದವರನ್ನು ಕಂಡಿರಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅತ್ತೆಯೂ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದಾಗ ಅಜ್ಜಿ ಪಡಸಾಲೆಯಲ್ಲೇ ಕಾಯುತ್ತಿದ್ದರು. "ಏನಂದ್ರು ಡಾಕುಟ್ರು?" ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಚಳಿಜ್ವರ ಅಲ್ಲವಂತೆ ಅಜ್ಜಿ. ಒಲೆ ಕಾವು ಮೈಗೆ ಹತ್ತಿದೆಯಂತೆ. ಕೊಯಿನಾ ಬೇಡ ಅಂದ್ರು" ಅಂದೆ. ಅಜ್ಜಿ ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, "ಊಂ" ಅಂದು ಎಲೆಯಡಿಕೆ ಚೀಲಕ್ಕೆ ಕೈಹಾಕಿದರು.

ಕೊಯಿನಾ ಬಿಟ್ಟ ಮೇಲೆ ಅತ್ತೆಗೆ ಊಟ ಸೇರಿತು. ನಾನು ರಾತ್ರಿಯೇ ನೆನೆಹಾಕಿದ ಕೊತ್ತಂಬರಿ ಬೀಜದ ನೀರು, ನೀರುಮಜ್ಜಿಗೆ ಕೊಡುತ್ತಿದ್ದೆ. ಉರಿ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಅದಕ್ಕೊಂದು ಹೆಸರಿದೆ, ಅದು ಕೊಲ್ಲುವುದಿಲ್ಲ ಎಂದು ತಿಳಿದದ್ದೇ ಅರ್ಧ ಮದ್ದಾಗಿತ್ತು. ಆದರೆ ಜಗಲಿಯ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ತಿಂಗಳು ತುಂಬಿತು. ಸಂತೆಯ ಹಿಂದಿನ ಬೆಳಗ್ಗೆ ಅತ್ತೆ ಹೊಸಿಲಿನಾಚೆ ನಿಂತು ನನ್ನ ಮುಖವನ್ನೇ ನೋಡಿದರು. ನಾನು ಹೂಂ ಅಂದರೆ ಮೂರು ದಿನ, ಇಲ್ಲ ಅಂದರೆ ಇಲ್ಲ.

"ಹೊರಗಾದಿರಾ? ಸರಿ ಹೋಗಿ, ಚಾಪೆ ಅಲ್ಲೇ ಇದೆ" ಅಂದೆ, ಸ್ವಲ್ಪ ಒರಟಾಗಿಯೇ.

ಮರುದಿನ ಸಂತೆ. ಎರಡು ಪಂಕ್ತಿ ಎದ್ದ ಮೇಲೆ ಅತ್ತೆಯ ತಟ್ಟೆ ಹಿಡಿದು ಹಿತ್ತಿಲಿಗೆ ಹೋದೆ. ಅವರಿಗೆ ಆಗಲೇ ಉರಿ ಬಂದಿತ್ತು. ಜಗಲಿಯ ಕಂಬ ಹಿಡಿದು ಕಣ್ಣು ಮುಚ್ಚಿದ್ದರು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಲ್ಲಾದರೆ ಗಡಿಗೆಗೆ ಕೆನ್ನೆ ಒತ್ತಬಹುದಿತ್ತು. ಇಲ್ಲಿ ಗಡಿಗೆ ಮುಟ್ಟುವಂತಿಲ್ಲ, ಅವರನ್ನು ಯಾರೂ ಮುಟ್ಟುವಂತಿಲ್ಲ. ಆ ಮೂರು ದಿನದ ನೆಮ್ಮದಿಗೆ ಅವರು ಏನನ್ನು ಕೊಡುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ಉರಿ ಶುರುವಾದಂದಿನಿಂದ ಅದನ್ನು ಇಲ್ಲಿ ಒಬ್ಬರೇ ಸಹಿಸಿದ್ದರು.

ತಟ್ಟೆ ಇಟ್ಟು, ಅವರ ಚೊಂಬಿನ ನೀರಿನಲ್ಲಿ ನನ್ನ ಸೆರಗು ಅದ್ದಿ ಅವರ ಕುತ್ತಿಗೆಗೆ ಒತ್ತಿದೆ.

"ಮುಟ್ಬ್ಯಾಡ ಕಣಮ್ಮಿ! ಅತ್ತೆಮ್ಮ ನೋಡ್ತಾರೆ!" ಅಂದರು, ಅಜ್ಜಿಯ ಹೆದರಿಕೆಗೆ.

"ನೋಡ್ಲಿ ಬಿಡಿ."

ಅವರು ಕಂಬ ಬಿಟ್ಟು ತಲೆಯನ್ನು ನನಗೆ ಆನಿಸಿದರು. ಜ್ವರ ಬಂದ ಮಗುವಿನ ತಲೆಯಷ್ಟು ಬಿಸಿಯಾಗಿತ್ತು, ಒದ್ದೆಯಾಗಿತ್ತು. ಹಾಗೇ ನಿಂತಿದ್ದೆ. ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಅಜ್ಜಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನೇ ಮೊದಲು ಬಾಯಿಬಿಟ್ಟೆ.

"ಮುಟ್ಟಿಬಿಟ್ಟೆ ಅಜ್ಜಿ. ಸ್ನಾನ ಮಾಡ್ಕೊಂಡೇ ಒಳಗೆ ಬರ್ತೀನಿ."

"ಸ್ನಾನ ಯಾತಕ್ಕೆ?" ಅಂದರು ಅಜ್ಜಿ.

ನನ್ನ ಕೈಯ ಕೆಳಗೆ ಅತ್ತೆಯ ಮೈ ಮರಗಟ್ಟಿತು. ಅಜ್ಜಿ ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು ತಂದು ಜಗಲಿಯ ಅಂಚಿಗೆ, ಅತ್ತೆಯ ಕಾಲ ಹತ್ತಿರವೇ ಇಟ್ಟರು.

"ಬರೀ ನೀರ್ಗೆ ಆ ಉರಿ ಇಳಿಯಾಕಿಲ್ಲ. ನೆತ್ತಿಗೆ ಇಕ್ಕಿ ತಟ್ಟು. ನಂಗೆ ಬಂದಾಗ ತಟ್ಟೋರು ಯಾರೂ ಇರ್ನಿಲ್ಲ."

ಅತ್ತೆ ತಡಬಡಿಸಿ ಏಳಲು ಹೋದರು. "ನಾನು ಒಳಕ್ಕೆ ಬತ್ತೀನಿ ಅತ್ತೆಮ್ಮ..."

"ಕೂತ್ಕೊ. ಇನ್ನೂ ಒಂದಿನ ಅದೆ ನಿಂದು" ಅಂದ ಅಜ್ಜಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯವರಿಗೆ ಮುದ್ದೆ ತೊಳಸಲು ಒಲೆಯ ಕಡೆ ನಡೆದರು.