ಸೇತುವೆ ಬೆಸೆಯುವ ಮುನ್ನ

ದೋಣಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೋಹಾದಲ್ಲಿದ್ದ ನಮ್ಮ ಊರಿನವರೆಲ್ಲ ಅದನ್ನು ನನ್ನ ಗಂಡನ ದೋಣಿ ಎಂದೇ ಕರೆಯುತ್ತಿದ್ದರು. ವೆಸ್ಟ್ ಬೇಯ ಆಫೀಸಿನಲ್ಲಿ ನನ್ನ ಮ್ಯಾನೇಜರ್ ಆಗಿದ್ದ ಇಂಗ್ಲಿಷ್ ಹೆಂಗಸಿಗೆ ಒಂದು ಹಳೆಯ ಹಾಯಿದೋಣಿ ಇತ್ತು. ಹಗ್ಗ ಹಿಡಿಯಲು ಜೊತೆಗೊಬ್ಬರು ಬೇಕೆಂದು ಶುಕ್ರವಾರಗಳಲ್ಲಿ ನನ್ನನ್ನು ಕರೆದೊಯ್ಯುತ್ತಿದ್ದರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಚುಕ್ಕಾಣಿಯೂ ನನ್ನ ಕೈಗೆ ಬಂದಿತ್ತು. ದೇಶ ಬಿಟ್ಟು ಹೋಗುವಾಗ ದೋಣಿಯನ್ನು ನನಗೇ ಕೊಟ್ಟು ಹೋದರು.

ಉಡುಪಿ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಸೇರಿದ್ದೂ ಅಂಥದ್ದೇ ಮನೆಗೆ. ನಮ್ಮಲ್ಲಿ ಗಂಡಸರು ಕಡಲಿಗೆ ಇಳಿಯುತ್ತಾರೆ, ಹೆಂಗಸರು ದಡದಲ್ಲಿ ಕಾದು ಮೀನು ಮಾರುತ್ತಾರೆ. ಹೆಣ್ಣು ದೋಣಿ ಹತ್ತಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹತ್ತಿದವರೂ ಇಲ್ಲ. ನಜ್ಮಾ ಬಡಾವಣೆಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತಾ ಗೆಳೆಯರು, "ಹೆಂಡತಿ ಕೈಗೆ ಚುಕ್ಕಾಣಿ, ನಿನ್ನ ಕೈಗೆ ಸೌಟು" ಎಂದು ಇವರ ಕಾಲೆಳೆಯುತ್ತಿದ್ದರು. ಇವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ದೋಣಿ ನಿಲ್ಲುತ್ತಿದ್ದುದು ನಗರದ ಉತ್ತರಕ್ಕಿದ್ದ ಒಂದು ಹಿನ್ನೀರಿನಲ್ಲಿ. ಅಲ್ಲಿಂದ ಕಡಲಿಗೆ ಇದ್ದದ್ದು ಒಂದೇ ಕಾಲುವೆ. ಉಬ್ಬರ ಇಳಿತದ ನೀರೆಲ್ಲ ಓಡುತ್ತಿದ್ದುದೂ ಅದರಲ್ಲೇ. ಕಟ್ಟಡ ಕೆಲಸದ ಲಾರಿಗಳಿಗಾಗಿ ಅದರ ಮೇಲೆ ಕಬ್ಬಿಣದ ಸೇತುವೆ ಹಾಕಿದ್ದರು. ದೋಣಿ ಬಂದಾಗ ಕ್ರೇನಿನಿಂದ ನಡುವಿನ ತುಂಡನ್ನು ಎತ್ತಿ ದಾರಿ ಬಿಡುತ್ತಿದ್ದರು. ಒಂದು ದಿನ ಸುದ್ದಿ ಬಂತು: ಬರುವ ಶನಿವಾರ ಆ ತುಂಡನ್ನು ಖಾಯಂ ಆಗಿ ಬೆಸೆದುಬಿಡುತ್ತಾರೆ. ಶುಕ್ರವಾರ ಕೊನೆಯ ಸಲ ಎತ್ತುತ್ತಾರೆ, ಅದೂ ಜುಮ್ಮಾ ನಮಾಜಿಗೆ ಮೊದಲು. ನಮ್ಮ ಹಾಯಿಕಂಬದ ಬುಡದ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಕಂಬ ಇಳಿಸುವ ಹಾಗಿರಲಿಲ್ಲ. ಅಂದು ದಾಟದಿದ್ದರೆ ನನ್ನ ದೋಣಿ ಇನ್ನು ಯಾವತ್ತೂ ಕಡಲು ಕಾಣುತ್ತಿರಲಿಲ್ಲ.

"ಒಳಗೇ ಇರಲಿ ಮಾರಾಯ್ತಿ, ಅಲ್ಲೇ ಎರಡು ಸುತ್ತು ಹಾಕಿದ್ರಾಯ್ತು," ಎಂದರು ಇವರು.

"ಸುತ್ತು ಹಾಕ್ಲಿಕ್ಕೆ ದೇವಸ್ಥಾನ ಉಂಟು. ದೋಣಿ ಇರುವುದು ಕಡಲಿಗೆ ಹೋಗ್ಲಿಕ್ಕೆ," ಎಂದೆ.

ನಾನು ಹಟ ಬಿಡುವವಳಲ್ಲ ಎಂದು ಗೊತ್ತಾದ ಮೇಲೆ ಇವರೂ ಉತ್ಸಾಹದಿಂದ ಲೆಕ್ಕ ಹಾಕಿದರು. ಅಡಿಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಕ್ಯಾಲೆಂಡರ್ ಇತ್ತು. ಇವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ತಿಥಿ ನೋಡಿಯೇ ನೀರಿನ ಹೊತ್ತು ಹೇಳುತ್ತಿದ್ದರು. "ಶುಕ್ರವಾರ ಅಷ್ಟಮಿ. ಹತ್ತೂವರೆಗೆಲ್ಲ ಇಳಿತ ಮುಗಿದು ನೀರು ನಿಂತಿರ್ತದೆ. ಆರಾಮಾಗಿ ದಾಟ್ಬಹುದು." ನಾನೂ ತಲೆಯಾಡಿಸಿದೆ. ನೀರಿನ ಹೊತ್ತು ನೋಡುವ ಕೆಲಸವನ್ನು ಯಾವಾಗಲೂ ಮ್ಯಾನೇಜರೇ ಮಾಡುತ್ತಿದ್ದರು. ನನಗೆ ಗೊತ್ತಿದ್ದದ್ದೂ ಊರಿನ ಲೆಕ್ಕವೇ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದೋಹಾದ ಕಡಲಿಗೆ ಆ ಶಿಸ್ತಿಲ್ಲ. ಕೆಲವು ದಿನ ಒಂದೇ ಇಳಿತ ಬೆಳಗಿನಿಂದ ಸಂಜೆಯವರೆಗೂ ಎಳೆಯುತ್ತದೆ. ಅದು ನಮಗೆ ಗೊತ್ತಾದದ್ದು ಸೇತುವೆಯ ಹತ್ತಿರ ಹೋದ ಮೇಲೆ.

ನೀರು ನಿಂತಿರಲಿಲ್ಲ. ಸೇತುವೆಯ ಕಂಬಗಳ ಸುತ್ತ ಸುಳಿಯೆದ್ದು ಕಡಲಿನ ಕಡೆಗೆ ಓಡುತ್ತಿತ್ತು. ನಡುವಿನ ತುಂಡು ಆಗಲೇ ಕ್ರೇನಿನಲ್ಲಿ ತೂಗುತ್ತಿತ್ತು.

"ಚೇಚಿ, ಯಲ್ಲಾ. ಕ್ರೇನ್‌ವಾಲಾ ನಮಾಜ್‌ಗೆ ಹೊರಟ. ಫಿರ್ ಖಲಾಸ್," ಎಂದು ಮಲಯಾಳಿ ಫೋರ್‌ಮನ್ ಬೇಗ ಬನ್ನಿ ಎಂಬಂತೆ ಕೈಬೀಸುತ್ತಾ ಮೇಲಿನಿಂದ ಕೂಗಿದ.

ಕಾಯುವ ಮಾತೇ ಇರಲಿಲ್ಲ. ದೋಣಿಯನ್ನು ನಡುನೀರಿಗೆ ತಿರುಗಿಸಿದೆ. ಪುಟ್ಟ ಇಂಜಿನ್ ನೋಡಿಕೊಳ್ಳುತ್ತಿದ್ದ ಇವರು ಹೆದರಿ ವೇಗ ತಗ್ಗಿಸಿದರು. ತಕ್ಷಣ ಚುಕ್ಕಾಣಿ ನನ್ನ ಕೈಯಲ್ಲಿ ಸಡಿಲವಾಯಿತು, ದೋಣಿ ಅಡ್ಡ ತಿರುಗತೊಡಗಿತು.

"ಕೊಡು ಇಲ್ಲಿ, ನಾನು ಹಿಡೀತೇನೆ," ಎಂದು ಕೈ ಚಾಚಿದರು.

"ಇಲ್ಲ. ನೀವು ಇಂಜಿನ್ ಜೋರು ಮಾಡಿ."

"ಈ ಸೆಳೆತದಲ್ಲಾ? ಕಂಬಕ್ಕೆ ಹೊಡೀತದೆ."

"ಮೆಲ್ಲ ಹೋದ್ರೇ ಹೊಡೆಯುವುದು. ನೀರಿಗಿಂತ ಮುಂದೆ ಓಡದಿದ್ರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಜೋರು ಮಾಡಿ."

ಇವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಇಂಜಿನ್ ಪೂರ್ತಿ ಜೋರು ಮಾಡಿದರು. ಚುಕ್ಕಾಣಿ ನನ್ನ ಕೈಯಲ್ಲಿ ಮತ್ತೆ ಗಟ್ಟಿಯಾಯಿತು. ಎಡಗಡೆಯ ಕಂಬ ಹತ್ತಿರ ಬಂತು. ಎರಡೂ ಕೈಗಳಿಂದ ಚುಕ್ಕಾಣಿ ದೂಡಿ ದೋಣಿಯ ಮೂತಿಯನ್ನು ಬಲಕ್ಕೆ ತಂದೆ. ಕಂಬಕ್ಕೆ ಅಂಟಿದ್ದ ಚಿಪ್ಪುಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋದವು. ಸೇತುವೆಯ ನೆರಳು ಮೇಲೆ ಬಿದ್ದು ಸರಿಯಿತು, ಕಾಲುವೆ ಅಗಲವಾಯಿತು, ದೋಣಿಯ ಕೆಳಗೆ ಮೊದಲ ಅಲೆ ಎದ್ದಿತು. ಹಿಂದೆ ಕಬ್ಬಿಣದ ತುಂಡು ಸದ್ದು ಮಾಡುತ್ತಾ ಕೆಳಗಿಳಿಯಿತು. ನನಗೆ ಹೇಳಲಾಗದಷ್ಟು ಖುಷಿಯಾಯಿತು.

ಶುಕ್ರವಾರ ಅಷ್ಟು ಹೊತ್ತಿಗೆ ಇವರು ಊರಿಗೆ ಫೋನ್ ಮಾಡುವುದು ರೂಢಿ. ಅಂದೂ ಮೊಬೈಲ್ ತೆಗೆದು ಅಮ್ಮನಿಗೆ ಸೇತುವೆಯ ಕಥೆಯನ್ನೆಲ್ಲ ಹೇಳಿದರು. ದಾಟಿಸಿದ್ದು ತಾನೇ ಎಂದು ಹೇಳಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ನಾನಲ್ಲ, ಅವಳೇ ಹಿಡಿದದ್ದು," ಎಂದರು. ಅತ್ತಲಿನ ಮಾತು ಕೇಳಿಸಿಕೊಂಡು ಫೋನನ್ನು ನನ್ನತ್ತ ಚಾಚಿದರು. "ಅಮ್ಮನಿಗೆ ನಿನ್ನತ್ರ ಮಾತಾಡ್ಬೇಕಂತೆ."

ಬೈಗುಳ ಬರುತ್ತದೆ ಎಂದು ಉತ್ತರ ಸಿದ್ಧ ಮಾಡಿಕೊಂಡೇ ಫೋನ್ ಕಿವಿಗಿಟ್ಟೆ. ಮದುವೆಯಾಗಿ ಬಂದಂದಿನಿಂದ ದಡದಲ್ಲಿ ಬುಟ್ಟಿ ಇಟ್ಟುಕೊಂಡು ದೋಣಿಗಳ ದಾರಿ ಕಾದ ಅತ್ತೆ ಅತ್ತ ಕಡೆಯಿಂದ ತುಳುವಿನಲ್ಲಿ ಮೆಲ್ಲಗೆ ಕೇಳಿದರು: "ಮಗಾ, ನೀರಿನ ಮೇಲಿಂದ ನೋಡಿದ್ರೆ ದಡ ಹೇಗೆ ಕಾಣ್ತದೆ?"

ಚುಕ್ಕಾಣಿಯನ್ನು ಇವರ ಕೈಗೆ ಕೊಟ್ಟು, ದಡದ ಕಡೆ ತಿರುಗಿ ಕೂತು, ಕಂಡದ್ದನ್ನೆಲ್ಲ ಒಂದೊಂದಾಗಿ ಅವರಿಗೆ ಹೇಳತೊಡಗಿದೆ.