ಅಮ್ಮಯಮ್ಮನ ಎರಡು ಬೆರಣಿ

“ಸೂರ್ಯ ಆರಿದರೂ ಅಮ್ಮಯಮ್ಮನ ಒಲೆ ಆರಲ್ಲ” ಎನ್ನುತ್ತಿದ್ದರು ಜಡಿಗೇನಹಳ್ಳಿ ಕಡೆಯ ನೆರೆಹೊರೆಯವರು. ಬೆಂಕಿಪೊಟ್ಟಣ ಮುಗಿದವರೆಲ್ಲ ಮುರುಕು ಬೆರಣಿ ಹಿಡಿದು ಆಕೆಯ ಹಿತ್ತಲಿಗೇ ಬರುತ್ತಿದ್ದ ಕಾಲ ಅದು. ಶುಕ್ರವಾರ ಬೆಂಕಿ ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಯಾರಾದರೂ ಹೆದರಿಸಿದರೆ, “ನಿಮ್ಮನೇಗೇ ತಾನೆ ಹೋಗೋದು? ಶನಿವಾರ ಕಳಿಸ್ಬಿಡಿ” ಎಂದು ಕೆಂಡ ಹಾಕುತ್ತಿದ್ದಳು.

ಎರಡು ವರ್ಷದ ಹಿಂದೆ ಆ ಹಿತ್ತಲಿಗೆ ಸಗಣಿ ಗ್ಯಾಸಿನ ತೊಟ್ಟಿ ಬಂತು, ಅದೂ ಪುಕ್ಕಟೆ. ಸೌದೆ ಉರಿಸದೆ ತಪ್ಪಿದ ಹೊಗೆಗೆ ಲೆಕ್ಕ ಹಾಕಿ, ತೊಟ್ಟಿ ಕಟ್ಟುವವರು ಆ ಲೆಕ್ಕವನ್ನು ಕಾರ್ಬನ್ ಕ್ರೆಡಿಟ್ ಎಂದು ದೂರದ ಕಂಪನಿಗಳಿಗೆ ಮಾರುತ್ತಾರಂತೆ. ತೊಟ್ಟಿ ಕಟ್ಟಿದ್ದು ಆ ಹಣದಲ್ಲಿ. ಗ್ಯಾಸು ಎಷ್ಟು ಹೊತ್ತು ಉರಿಯಿತೆಂದು ಪೈಪಿನ ಮೇಲೆ ಕೂತ ಪುಟ್ಟ ಮೀಟರು ಮೊಬೈಲಿಗೆ ಹೇಳುತ್ತದೆ. ಹೆಂಡತಿ ಅರ್ಪಿತಳ ಕೆಮ್ಮು ನಿಂತೀತೆಂದು ಮಗ ಬೈರೇಶ್ ಓಡಾಡಿ ಹಾಕಿಸಿದ್ದ.

ತಿಂಗಳಾದ ಮೇಲೆ ತೊಟ್ಟಿಯವರ ಕಡೆಯ ಆನಂದ್ ಬಂದು ಮೊಬೈಲ್ ತೋರಿಸಿದ. ದಿನಕ್ಕೆ ಹತ್ತೇ ನಿಮಿಷ. ಮುದುಕಿ ಕಾಫಿಯನ್ನಷ್ಟೇ ಗ್ಯಾಸಿನಲ್ಲಿ ಕಾಯಿಸಿ, ಮುದ್ದೆಗೂ ಸಾರಿಗೂ ಸೌದೆ ಒಟ್ಟುತ್ತಿದ್ದಳು. ಹೀಗೇ ಆದರೆ ತೊಟ್ಟಿ ಬೇರೆಯವರ ಪಾಲಾಗುತ್ತದೆ ಎಂದು ಹೇಳಿ ಹೋದ.

ಬೈರೇಶ್ ರೇಗಿದ. ಅಮ್ಮಯಮ್ಮ ಒಲೆಗೆ ಸೌದೆ ತಳ್ಳುತ್ತಾ ಬಾಯಿಬಿಟ್ಟಳು.

“ಮುದ್ದೆಗಲ್ಲ ಕಣ್ಲಾ. ನಾನು ಹೋದ ದಿನ ಹೆಣದ ಮುಂದೆ ನೀನು ಹಿಡಿಯೋ ಮಡಕೇಲಿ ನಮ್ಮೊಲೆ ಕೆಂಡಾನೇ ಇರ್ಬೇಕು. ಊರಿಗೆಲ್ಲ ಬೆಂಕಿ ಕೊಟ್ಟೋಳು, ಕಡೇಗೆ ಬೇಡಿದ ಬೆಂಕೀಲಿ ಹೋಗ್ಲಾ? ಆ ನೀಲಿ ಉರೀಲಿ ಕೆಂಡ ಎಲ್ಲೈತೆ?”

ಅರ್ಪಿತ ಏನೋ ಹೇಳಲು ಹೋದಳು. ಮಾತಿನ ಬದಲು ಕೆಮ್ಮು ಬಂತು. ಬಾಗಿಲು ಹಿಡಿದು ನಿಂತು ಕೆಮ್ಮಿದಳು. ಅತ್ತೆ ನೋಡುತ್ತಲೇ ಇದ್ದಳು.

ಮಾರನೆಯ ಬೆಳಿಗ್ಗೆ ಅಮ್ಮಯಮ್ಮ ತಾನೇ ಹಾರೆ ತಂದು ಒಲೆ ಕಿತ್ತಳು. ತೊಟ್ಟಿಗೆ ಹೋಗುವ ಸಗಣಿಯಲ್ಲಿ ಒಂದಿಷ್ಟು ಉಳಿಸಿಕೊಂಡು ಎರಡು ಬೆರಣಿ ತಟ್ಟಿದಳು. “ಇವು ನನ್ನವು, ಯಾರೂ ಮುಟ್ಬೇಡಿ” ಎಂದವಳು, ಒಣಗಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕಿಟ್ಟಳು. ಯುಗಾದಿಯ ಹೊತ್ತಿಗೆ ಸೊಸೆಯ ಕೆಮ್ಮು ತಗ್ಗಿತ್ತು.

ಈ ಮಾಘದಲ್ಲಿ ಅಮ್ಮಯಮ್ಮ ಹೋದಳು. ಸಾವಿನ ಮನೆಯಲ್ಲಿ ಅಡುಗೆಯಿಲ್ಲ. ನೆರೆಯವರು ತಮ್ಮ ಒಲೆಯಿಂದ ಕೆಂಡ ತರಲು ಹೊರಟರು. ಅರ್ಪಿತ ತಡೆದಳು. ಅಟ್ಟದಿಂದ ಗಂಟು ಇಳಿಸಿ, ಗ್ಯಾಸು ಹಚ್ಚಿ, ಬೆರಣಿಗಳನ್ನು ನೀಲಿ ಉರಿಯ ಮೇಲಿಟ್ಟು ಕಾದಳು. ಅಂಚು ಕೆಂಪಾಯಿತು, ಆಮೇಲೆ ಒಡಲೂ ಕೆಂಪಾಯಿತು. ಆ ದಿನದ ಲೆಕ್ಕ ಮೊಬೈಲಿನಲ್ಲಿ ಈಗಲೂ ಇದೆ: ಹನ್ನೊಂದು ನಿಮಿಷ.

ಬೈರೇಶ್ ಆ ಕೆಂಡದ ಮಡಕೆ ಹಿಡಿದು ಹೊಸ್ತಿಲು ದಾಟಿದ. ತನ್ನ ಮನೆಯ ಬೆಂಕಿಯ ಹಿಂದೆ ಅಮ್ಮಯಮ್ಮ ಹೊರಟಳು.