ತೊಗಲು ತೆಗೆದ ತಮಟೆ

ಇಟ್ಟಮಡುವಿನ ಸಂಜೀವಯ್ಯ ಹರೆಯದಿಂದ ತಮಟೆ ಮಾಡಿದವರು. ಬಾರಿಸುತ್ತಿದ್ದವರು ಬೇರೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ದುಂಡನೆಯ ಚೌಕಟ್ಟಾದ ಬಳೆಗೆ ಬಿಗಿದು, ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ನಾದ ಸಾಲದಿದ್ದರೆ ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು. ಬಾರಿಸಿದವರಿಗೆ ವೇದಿಕೆಯಲ್ಲಿ ಶಾಲು ಸಿಕ್ಕಿತು. ಇವರ ಮೇಲೆ ಬೀದಿಯವರು ವಾಸನೆಯ ದೂರು ಕೊಟ್ಟರು. ಈಗ ಅಂಗಡಿಯಲ್ಲಿ ಫೈಬರ್ ತಮಟೆ ಸಿಗುತ್ತದೆ. ಇವರ ಕೈಯೂ ನಡುಗುತ್ತದೆ. ತಾವು ಮಾಡಿದ್ದೂ ಸಂಗೀತದ ಕೆಲಸವೇ ಎಂದು ಎಲ್ಲಾದರೂ ದಾಖಲಾಗಬೇಕೆಂಬುದೊಂದೇ ಅವರ ಆಸೆ.

ಮಗಳು ಕಲ್ಯಾಣಿ ಜಯನಗರದ ಒಂದು ಸಂಗೀತ ಸಂಗ್ರಹಾಲಯದಲ್ಲಿ ಆಂಟಾಲಜಿ ಕಟ್ಟುತ್ತಾಳೆ. ಅಂದರೆ, ಒಂದು ವಿಷಯದ ಪದಗಳನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಜೋಡಿಸುತ್ತಾಳೆ. ತಂದೆಯನ್ನು ಕೇಳಿ ಕೇಳಿ ತಮಟೆಗೂ ಒಂದು ಕಟ್ಟಿದಳು. ಕಟ್ಟಿದ್ದು ಯಾವ ಕ್ಷೇತ್ರಕ್ಕೆ ಸೇರಿದ್ದೆಂದು ಅಲ್ಲಿ ಮನುಷ್ಯರು ತೀರ್ಮಾನಿಸುವುದಿಲ್ಲ. ತಂತ್ರಾಂಶವೊಂದು ಪದಗಳನ್ನು ಓದಿ ತಾನೇ ಗುರುತಿಸುತ್ತದೆ. ಸಂಗೀತವೆಂದರೆ ಸಂಗ್ರಹದಲ್ಲಿ ಜಾಗ, ಇಲ್ಲವಾದರೆ ತಿರಸ್ಕಾರ.

ತಮಟೆಯನ್ನು ಅದು ಚರ್ಮೋದ್ಯಮ ಎಂದಿತು.

"ಊರೋರು ಹೇಳ್ತಿದ್ದಿದ್ದನ್ನೇ ಹೇಳ್ತಲ್ಲವ್ವಾ," ಎಂದು ಸಂಜೀವಯ್ಯ ನಕ್ಕರು. "ಅದಕ್ಕೂ ನಮ್ಮ ಜಾತಿ ಗೊತ್ತಾಗೋಯ್ತಾ?"

"ಜಾತಿ ಅಲ್ಲಪ್ಪ. ತೊಗಲು, ಸುಣ್ಣ, ಹೆರೆಯೋದು, ಇಂಥ ಪದಗಳೇ ಜಾಸ್ತಿ ಇವೆ. ಅದನ್ನ ನೋಡಿ ಹೇಳುತ್ತೆ."

ಸಂಗ್ರಹಾಲಯದಲ್ಲಿ ಅವಳ ಮೇಲಧಿಕಾರಿ ಚಿದಾನಂದ್ ಕೈಚೆಲ್ಲಿದರು. "ಅದು ಹೇಳಿದ್ದನ್ನ ನಾವು ಚೇಂಜ್ ಮಾಡೋಕಾಗಲ್ಲಮ್ಮ. ಲೆದರ್ ಪಾರ್ಟ್ ತೆಗೆದು ಇನ್ನೊಂದ್ಸಲ ಹಾಕಿ. ತಾಳ, ಕುಣಿತ ಎಲ್ಲಾ ಇದೆಯಲ್ಲ, ಸಾಕು."

ತೆಗೆಯಬೇಕಾದ ಭಾಗದಲ್ಲೇ ಸಂಜೀವಯ್ಯನವರ ಕೆಲಸವೆಲ್ಲ ಇತ್ತು. ಕಲ್ಯಾಣಿ ಒಂದು ವಾರ ಅದನ್ನು ಮುಟ್ಟಲಿಲ್ಲ. ಕೊನೆಗೆ ಮನೆಯಲ್ಲಿ ತಂದೆಯೇ ಅವಳ ಪಕ್ಕದಲ್ಲಿ ಬಂದು ಕುಳಿತರು.

"ತೆಗಿ. ತಮಟೆನಾದ್ರೂ ಒಳಕ್ಕೆ ಹೋಗ್ಲಿ."

ನೆನೆಹಾಕುವುದನ್ನು ತೆಗೆದಳು, ತಂತ್ರಾಂಶ ಮತ್ತೆ ಚರ್ಮೋದ್ಯಮ ಎಂದಿತು. ಹೆರೆಯುವುದನ್ನು ತೆಗೆದಳು, ಅದೇ. ಬಿಗಿಯುವುದೊಂದನ್ನಾದರೂ ಉಳಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ತೊಗಲು ಎಂಬ ಪದವೇ ಹೋದಮೇಲೆ ಅದು ಸಂಗೀತ ಎಂದಿತು.

"ಈಗ ತಮಟೆ ಮಾಡೋನು ಯಾರು ಅಂತ ಅದನ್ನ ಕೇಳು," ಎಂದರು ಸಂಜೀವಯ್ಯ.

ಕೇಳಿದಳು. ಉಳಿದ ಪದಗಳಲ್ಲಿ ಹುಡುಕಿದಾಗ ಉತ್ತರದ ಜಾಗ ಖಾಲಿ ಬಂತು.

"ಏನಂತೆ?"

"ಯಾರೂ ಇಲ್ವಂತೆ, ಅಪ್ಪ."

"ಸರಿ. ಕಳ್ಸು."

ಕಳಿಸಿದಳು. ಈಗ ಅದು ಸಂಗ್ರಹದಲ್ಲಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ಸಂಜೀವಯ್ಯ ನೋಡಿಲ್ಲ.